ಸೋಮಾರಿ ಎನಿಸಿಕೊಂಡ ರಾಜಕುಮಾರಿ

"ಕೇಳಿರಪ್ಪೋ ಕೇಳಿ! ಕರಿಗಲ್ಲುದುರ್ಗದ ದೊರೆ ಮಲ್ಲರಸರ ಅಪ್ಪಣೆ! ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಅಂದೇ ಹೊತ್ತು ಮುಳುಗುವುದರೊಳಗೆ ತಲೆ ಹೋಗುತ್ತದೆ!"

ಡಂಗುರ ಕೇಳಿದ ಜನ ಹೆದರಿ ಮನೆ ಸೇರಿಕೊಂಡರು. ಇಂಥ ಅಪ್ಪಣೆ ಯಾಕೆ ಬಂತೆಂಬುದು ಎಲ್ಲರಿಗೂ ಗೊತ್ತಿತ್ತು. ವರ್ಷದಿಂದ ರಾಜಕುಮಾರಿಯ ಮೈಯಲ್ಲಿ ಶಕ್ತಿ ನಿಲ್ಲುತ್ತಿರಲಿಲ್ಲ. ದೆವ್ವ ಬಿಡಿಸುತ್ತೇನೆಂದು ಬಂದವನೊಬ್ಬ ಬೇವಿನ ಬರಲಿನಿಂದ ಹೊಡೆದ. ಸೋಮಾರಿತನ ಬಿಡಿಸುತ್ತೇನೆಂದು ಬಂದ ಇನ್ನೊಬ್ಬ ಕೋಟೆಯ ಸುತ್ತ ನಡೆಸಿದ. ಅವಳು ಕುಸಿದು ಬಿದ್ದು ಎರಡು ದಿನ ಉಸಿರಿಗೆ ಒದ್ದಾಡಿದಳು.

ಚೇತರಿಸಿಕೊಂಡ ಮೇಲೆ ತಂದೆಗೆ ಹೇಳಿದಳು: "ಅಪ್ಪಾಜಿ, ನನಗೇನಾಗುತ್ತಿದೆ ಎಂಬುದನ್ನು ನಾನೇ ಒಗಟು ಕಟ್ಟಿ ಕೇಳುತ್ತೇನೆ. ಅದು ಅರ್ಥವಾದವರು ಮಾತ್ರ ಇನ್ನು ನನ್ನನ್ನು ಮುಟ್ಟಲಿ." ತಲೆ ತೆಗೆಸುವ ಮಾತನ್ನು ಸೇರಿಸಿದವನು ದೊರೆ.

ಗೊತ್ತುಪಡಿಸಿದ ದಿನ ಆಸ್ಥಾನ ತುಂಬಿತು. ಕಂಬದ ಬಳಿ ತಲೆ ಕಡಿಯುವವನು ಕತ್ತಿ ಮಸೆಯುತ್ತ ಕೂತಿದ್ದ. ಪದ್ಮಲೆ ಮೊದಲ ಒಗಟು ಹೇಳಿದಳು: "ನನ್ನ ಮನೆಗೆ ಎರಡು ಬಾಗಿಲು. ಬೆಳಿಗ್ಗೆ ಎರಡೂ ಅಗಲವಾಗಿ ತೆರೆದಿರುತ್ತವೆ. ಹೊತ್ತೇರಿದಂತೆ, ಗಾಳಿ ಬೀಸದೆ, ಯಾರೂ ಮುಟ್ಟದೆ, ಒಂದು ಇಳಿದುಬೀಳುತ್ತದೆ. ಆ ಬಾಗಿಲು ಯಾವುದು? ಇಳಿಸುವವರು ಯಾರು?"

ನೆರೆರಾಜ್ಯದ ರಾಜಕುಮಾರ ನಗುತ್ತ ಎದ್ದ. "ತಾವರೆಯ ಎಸಳು. ಇಳಿಸುವವನು ಸೂರ್ಯ."

"ಅಲ್ಲ" ಎಂದಳು. ಭಟರು ಅವನ ರಟ್ಟೆ ಹಿಡಿದಾಗ ಮುಖದ ನಗು ಇನ್ನೂ ಮಾಸಿರಲಿಲ್ಲ.

ಆಸ್ಥಾನದ ಪಂಡಿತ ಎದ್ದ. "ಕಣ್ಣಿನ ರೆಪ್ಪೆ, ತಾಯಿ. ಇಳಿಸುವುದು ನಿದ್ದೆ."

"ಅರ್ಧ ಸರಿ. ಆದರೆ ಆಗ ನನಗೆ ನಿದ್ದೆ ಬಂದಿರುವುದಿಲ್ಲ." ಅವನನ್ನೂ ಎಳೆದೊಯ್ದರು. ಅವನ ಹೆಂಡತಿಯ ಕೂಗು ಹೊರಗಿನ ಅಂಗಳದಿಂದ ಕೇಳಿಸಿತು. ಮತ್ತೆ ಯಾರೂ ಏಳಲಿಲ್ಲ.

ರಾಜಕುಮಾರಿಯನ್ನು ಸಭೆಗೆ ಹೊತ್ತು ತಂದಿದ್ದ ಮೇನೆಯವರಲ್ಲಿ ಕಾಟಯ್ಯನೆಂಬ ಹುಡುಗ ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಉತ್ತರ ಗೊತ್ತಿತ್ತು. ಅವನ ತಾಯಿಗೂ ಹೀಗೇ ಆಗಿತ್ತು. ಕೊನೆಗೆ ಒಂದು ಮಧ್ಯಾಹ್ನ ಉಸಿರೆಳೆಯುವ ಬಲವೂ ಉಳಿಯದೆ ಹೋಗಿಬಿಟ್ಟಿದ್ದಳು. ಈಗ ಪದ್ಮಲೆಯ ಎಡಗಣ್ಣಿನ ರೆಪ್ಪೆ ಇಳಿಯುತ್ತಿರುವುದು ಅವನಿಗೆ ಕಾಣಿಸಿತು. ಸುಮ್ಮನಿದ್ದರೆ ತನ್ನ ತಲೆ ಉಳಿಯುತ್ತದೆ, ಅವಳು ಉಳಿಯುವುದಿಲ್ಲ.

"ನಾನು ಹೇಳ್ತೀನಿ ಬುದ್ಧಿ" ಎಂದ. ತನ್ನ ದನಿ ತನಗೇ ಪರಕೀಯವೆನಿಸಿತು.

ಸಭೆ ತಿರುಗಿ ನೋಡಿತು. "ಕತ್ತಿ ಕಾಣುತ್ತಿದೆ ತಾನೆ?" ಎಂದ ದೊರೆ.

"ಕಾಣ್ತದೆ ಬುದ್ಧಿ. ಬಾಗಿಲು ರೆಪ್ಪೆಯೇ. ಆದರೆ ಇಳಿಸೋದು ನಿದ್ದೆಯಲ್ಲ. ರೆಪ್ಪೆ ಎತ್ತಿ ಹಿಡಿಯೋ ಪುಟ್ಟ ಮಾಂಸಖಂಡ ಸೋತುಹೋಗ್ತದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರೆ ಮತ್ತೆ ಏಳ್ತದೆ."

ಪದ್ಮಲೆ ಅವನನ್ನೇ ನೋಡಿದಳು. "ಸರಿ. ಎರಡನೆಯದು ಕೇಳು. ನನ್ನಲ್ಲೊಂದು ಬೀಸುಕಲ್ಲಿದೆ. ಮೊದಲ ಹಿಡಿ ಕಾಳು ನುಣ್ಣಗೆ ಬೀಸುತ್ತದೆ. ಹತ್ತನೆಯ ಹಿಡಿಗೆ ನಿಂತುಬಿಡುತ್ತದೆ. ಕಾಳು ಮುಗಿದಿಲ್ಲ, ಹಸಿವೂ ತೀರಿಲ್ಲ."

"ದವಡೆ, ತಾಯಿ. ಅಗಿದು ಅಗಿದು ಸೋಲ್ತದೆ. ಜನ ಊಟ ಸೇರಲಿಲ್ಲ ಅಂದುಕೊಳ್ತಾರೆ. ನಮ್ಮವ್ವ ಗಲ್ಲಕ್ಕೆ ಕೈಯ ಆಸರೆ ಕೊಟ್ಟುಕೊಂಡು ಉಣ್ತಿದ್ದಳು."

"ಹೌದು" ಎಂದಳು. ಅವಳ ಮಾತು ಮೂಗಿನಿಂದ ಬರತೊಡಗಿತ್ತು. "ಮೂರನೆಯದು. ಇಬ್ಬರು ಮಲಗಿದ್ದಾರೆ. ಒಬ್ಬ... ದಿನವಿಡೀ ದುಡಿದವನು..."

ಮಾತು ಅಲ್ಲೇ ನಿಂತಿತು. ಕತ್ತು ಮುಂದಕ್ಕೆ ಬಾಗಿತು, ಜೊಲ್ಲು ಇಳಿಯಿತು. ದಾಸಿ ಹಾಲಿನ ಬಟ್ಟಲು ಹಿಡಿದು ಓಡಿ ಬಂದು ಬಾಯಿಗೆ ಸುರಿಯಲು ಹೋದಳು.

"ಬೇಡ! ಹಾಕಬೇಡಿ!" ಕಾಟಯ್ಯ ಮೆಟ್ಟಿಲು ಹಾರಿ ಬಟ್ಟಲನ್ನು ತಳ್ಳಿಬಿಟ್ಟ. ತಲೆ ಕಡಿಯುವವನ ಕತ್ತಿ ಅವನ ಕುತ್ತಿಗೆಗೆ ತಾಗಿತು. ಅವನು ಅಲುಗದೆ ಹೇಳಿದ: "ನುಂಗೋ ಬಲ ಇಲ್ಲ ಬುದ್ಧಿ. ಹಾಲು ಉಸಿರಿನ ದಾರಿಗೆ ಇಳಿದರೆ ಸತ್ತೇ ಹೋಗ್ತಾರೆ. ನೆಟ್ಟಗೆ ಕೂರಿಸಿ, ಬಾಯಿ ಒರೆಸಿ, ತಲೆಗೆ ಆಸರೆ ಕೊಡಿ. ಯಾರೂ ಮಾತಾಡಿಸಬೇಡಿ. ಆಮೇಲೆ ನನ್ನ ಕಡಿಯಿರಿ."

ದೊರೆ ಕೈಯೆತ್ತಿದ. ಕತ್ತಿ ನಿಂತಲ್ಲೇ ನಿಂತಿತು. ದಾಸಿ ಹೇಳಿದಂತೆ ಮಾಡಿದಳು. ಪದ್ಮಲೆಯ ಎದೆ ಏಳುತ್ತಿದೆಯೋ ಇಲ್ಲವೋ ಎಂದು ಸಭೆಯೆಲ್ಲ ನೋಡುತ್ತ ಕೂತಿತು. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಳು. ಎರಡು ರೆಪ್ಪೆಗಳೂ ಎದ್ದಿದ್ದವು.

"ಒಬ್ಬ ದುಡಿದು ಮಲಗಿದ್ದಾನೆ" ಎಂದು ಮೆಲ್ಲಗೆ ಮುಂದುವರಿಸಿದಳು. "ಇನ್ನೊಬ್ಬನಿಗೆ ಏಳುವ ಮನಸ್ಸಿದೆ, ಕೈಕಾಲು ಏಳುವುದಿಲ್ಲ. ಅವನನ್ನು ಎಲ್ಲರೂ ಒಂದು ತಪ್ಪು ಹೆಸರಿನಿಂದ ಕರೆಯುತ್ತಾರೆ. ನಿಜವಾದ ಹೆಸರೇನು?"

ಕಾಟಯ್ಯನ ಕಣ್ಣು ತುಂಬಿತು. "ತಪ್ಪು ಹೆಸರು ಸೋಮಾರಿ. ನಿಜವಾದ ಹೆಸರು ರೋಗಿ. ಮೇನೆ ಹೊತ್ತರೆ ನನಗೂ ದಣಿವಾಗ್ತದೆ, ಮಲಗಿ ಎದ್ದರೆ ಹೋಗ್ತದೆ. ಇದು ಅದಲ್ಲ. ಬಾಚಣಿಗೆ ಎತ್ತೋದಕ್ಕೂ ಬಲ ಸಾಲದೆ ಹೋಗ್ತದೆ. ವಿಶ್ರಾಂತಿ ಕೊಟ್ಟರೆ ಸ್ವಲ್ಪ ಬಂದು, ಕೆಲಸ ಮಾಡಿದರೆ ಮತ್ತೆ ಸೋರಿಹೋಗ್ತದೆ. ನಮ್ಮವ್ವನ್ನ ನಾನೂ ಸೋಮಾರಿ ಅಂದಿದ್ದೆ, ತಾಯಿ. ಅವಳು ಸತ್ತ ಮೇಲೆ ಒಬ್ಬ ವೈದ್ಯರು ಬಿಡಿಸಿ ಹೇಳಿದರು."

ಪದ್ಮಲೆ ಉತ್ತರ ಸರಿಯೆಂದು ತಲೆದೂಗಿದಳು. ದೊರೆ ಸಿಂಹಾಸನದಿಂದ ಇಳಿದು ಮಗಳ ಪಾದದ ಬಳಿ ಕೂತ. "ನಾನೂ ಅಂದಿದ್ದೆನಲ್ಲ ಮಗಳೇ" ಎಂದ. ಅವಳು ಅವನ ಕೈ ಹಿಡಿಯಲು ನೋಡಿದಳು, ಆಗಲಿಲ್ಲ. ಅವನೇ ಹಿಡಿದುಕೊಂಡ.

"ಏನು ಬೇಕು, ಕೇಳು" ಎಂದ ದೊರೆ ಕಾಟಯ್ಯನಿಗೆ.

"ಸೆರೆಯಲ್ಲಿರೋ ಇಬ್ಬರನ್ನು ಬಿಟ್ಟುಬಿಡಿ ಬುದ್ಧಿ. ಗೊತ್ತಿಲ್ಲದಿರೋದು ಸಾಯೋವಂಥ ತಪ್ಪಲ್ಲ."

ರಾಜಕುಮಾರ, ಪಂಡಿತ ಇಬ್ಬರೂ ಹೊತ್ತಿರುವಾಗಲೇ ಹೊರಗೆ ಬಂದರು. ಕಾಟಯ್ಯ ಹೇಳಿದ ವೈದ್ಯರನ್ನು ಕರೆಸಿದರು. ಕಾಯಿಲೆ ಪೂರ್ತಿ ಹೋಗುತ್ತದೆಂದು ಅವರು ಹೇಳಲಿಲ್ಲ. ಔಷಧಿ ಕೊಟ್ಟರು, ಮೆತ್ತಗಿನ ಊಟ, ಕೆಲಸದ ನಡುವೆ ವಿಶ್ರಾಂತಿ ಎಂದರು. ಉಸಿರು ಕಟ್ಟಿದರೆ ಒಂದು ಗಳಿಗೆಯೂ ತಡಮಾಡದೆ ತಮ್ಮನ್ನು ಕರೆಯಬೇಕೆಂದರು. ದೊರೆ ಕಾಟಯ್ಯನಿಗೆ ಮನೆ, ಹೊಲ ಕೊಟ್ಟು ಅವರ ಬಳಿಯೇ ಕಲಿಯಲು ಬಿಟ್ಟ.

ಮುಂದೆ ಪದ್ಮಲೆ ಪಟ್ಟಕ್ಕೆ ಬಂದಳು. ಬೆಳಗಿನ ಹೊತ್ತು ಮಾತ್ರ ಸಭೆ ನಡೆಸಿ ಬಹಳ ವರ್ಷ ಆಳಿದಳು. ಕೋಟೆಬಾಗಿಲ ಪಕ್ಕದಲ್ಲೇ ಕಾಟಯ್ಯನ ವೈದ್ಯಶಾಲೆ. ಮೈಯಲ್ಲಿ ಬಲವಿಲ್ಲವೆಂದು ಯಾರೇ ಬರಲಿ, ಅವನು ಮೊದಲು ಕೂರಿಸುತ್ತಿದ್ದ. ಆಮೇಲೆ ಕೇಳುತ್ತಿದ್ದ: "ಯಾವ ಹೊತ್ತಿನಲ್ಲಿ ಸೋಲ್ತದೆ? ಯಾವ ಕೆಲಸಕ್ಕೆ? ನಿಧಾನವಾಗಿ ಹೇಳಿ, ನಾನು ನಂಬ್ತೀನಿ."