ಗಾಣದೆತ್ತಿನ ಬಾಯಾರಿಕೆ

“ಮಾಸ್ಟ್ರೇ, ಮನೆಗೊಂದು ಓವರ್‌ಲಾಕ್ ಮಿಷನ್ ತಗೊಳ್ಳೋದಾ, ಬೇಡವಾ? ಒಂದೇ ಮಾತಲ್ಲಿ ಹೇಳಿಬಿಡಿ,” ಎಂದು ಸರ್ವಮಂಗಳ ಕೇಳಿದಳು.

ಕೇಳಿದವಳು ನಿಂತೇ ಇದ್ದಳು. ಬಟ್ಟೆಯ ಗಂಟು ಇನ್ನೂ ಸೊಂಟದ ಮೇಲೆಯೇ ಇತ್ತು. ಬುಡನ್ ಸಾಬ್ ಮಾಸ್ಟ್ರು ತಮ್ಮ ಮನೆಯ ಜಗಲಿಯಲ್ಲಿ ಕೂತು ಹಳೆಯ ಕೋಟಿಗೆ ಗುಂಡಿ ಹಚ್ಚುತ್ತಿದ್ದರು. ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರು ಅವರೇ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ, ಊರಲ್ಲಿ ಯಾರಿಗೆ ಹೊಲಿಗೆಯ ಸಂದೇಹ ಬಂದರೂ ಆ ಜಗಲಿಗೇ ಬರುತ್ತಿದ್ದರು. ಸಂದೇಹ ಹೊತ್ತು ಬಂದವರು ಹೋಗುವಾಗ ಮಾಸ್ಟ್ರ ಒಂದು ಸುಳ್ಳನ್ನೂ ಹೊತ್ತುಕೊಂಡು ಹೋಗಬೇಕಾಗಿತ್ತು. ಅದು ಅಲ್ಲಿಯ ಪದ್ಧತಿ.

“ಒಂದೇ ಮಾತಲ್ಲಿ ಹೇಳೋಕೆ ನಾನೇನು ತಕ್ಕಡಿಯಾ? ಮೊದಲು ಕೂತ್ಕೋ ಅವ್ವಾ. ಒಂದೇ ಎಳೆ ದಾರದಲ್ಲಿ ಇಡೀ ಮದುವೆ ದಿಬ್ಬಣಕ್ಕೆ ಬಟ್ಟೆ ಹೊಲಿದವನ ಮುಂದೆ ನಿಂತಿದ್ದೀಯಾ. ಆ ದಾರ ಎಲ್ಲಾದರೂ ಕಡಿದಿದ್ದರೆ, ಮದುಮಗನಿಂದ ಹಿಡಿದು ವಾಲಗದವರ ತನಕ ಎಲ್ಲರೂ ಬೆತ್ತಲೆ!”

“ಹೋದ ಸಲ ದಿಬ್ಬಣ ಅಂದಿರಲಿಲ್ಲ, ಪೊಲೀಸ್ ಪಟಾಲಮ್ಮು ಅಂದಿದ್ದಿರಿ.”

“ಅದು ಬೇರೆ ದಾರ,” ಎಂದರು ಮಾಸ್ಟ್ರು.

ಬೇರೆ ದಿನವಾಗಿದ್ದರೆ ಸರ್ವಮಂಗಳ ನಗುತ್ತಿದ್ದಳು. ಈ ದಿನ ಅವಳಿಗೆ ನಗುವುದಕ್ಕೂ ಆಯಾಸವಾಗಿತ್ತು. ಗಂಟನ್ನು ಕೆಳಗಿಟ್ಟು, ಕಾಲು ಚಾಚಿ ಕೂತಳು.

ಅವಳು ಮನೆಯಲ್ಲೇ ಕೂತು ಬೀದಿಯವರ ರವಿಕೆ, ಮಕ್ಕಳ ಫ್ರಾಕು ಹೊಲಿಯುತ್ತಿದ್ದಳು. ಹೊಲಿದ ಬಟ್ಟೆಯ ಒಳಅಂಚಿನಿಂದ ನೂಲು ಬಿಚ್ಚದ ಹಾಗೆ ಹೆಣೆಯುವುದು ಓವರ್‌ಲಾಕ್ ಮಿಷನ್ನು. ಅದು ಅವಳಲ್ಲಿ ಇರಲಿಲ್ಲ. ಹೀಗಾಗಿ ಹೊಲಿದದ್ದನ್ನೆಲ್ಲ ಗಂಟು ಕಟ್ಟಿ, ಮಾಸ್ಟ್ರ ಜಗಲಿಯ ಮುಂದೆ ಹಾದು, ರೈಲ್ವೆ ಗೇಟು ದಾಟಿ, ಆಚೆ ಪೇಟೆಯಲ್ಲಿದ್ದ ಓವರ್‌ಲಾಕ್ ಅಂಗಡಿಗೆ ದಿನವೂ ಒಯ್ದು ತರುತ್ತಿದ್ದಳು. ಈಗ ಅವಳ ಗಂಡ ಪಕ್ಕದ ಊರಿನಲ್ಲಿ ಒಂದು ಮಿಷನ್ ನೋಡಿ ಬಂದಿದ್ದನು. ಯಾರೋ ಬಳಸಿದ್ದು, ಆದರೆ ಚೆನ್ನಾಗಿತ್ತು. ನಾಳೆ ಮೊದಲ ಬಸ್ಸಿಗೆ ಹೋಗಿ ತರುವುದೆಂದು ಮಾತು. ಅವಳು ಈ ಸಂಜೆಯೊಳಗೆ ಹೂಂ ಅನ್ನಬೇಕು. ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಅತ್ತೆ ಆಗಲೇ ಜೋಳದ ಚೀಲ ಸರಿಸಿ ಗೋಡೆಯ ಪಕ್ಕ ಜಾಗ ಮಾಡಿದ್ದರು. “ಇನ್ನು ನೀನು ಆ ಬಿಸಿಲಿಗೆ ಬೀಳೋದೇ ಬೇಡ ಕಣೇ. ರಾಣಿ ಹಂಗೆ ನೆರಳಲ್ಲಿ ಕೂತು ಹೊಲಿ,” ಎಂದಿದ್ದರು. ಅವರ ಮಾತೂ ಸುಳ್ಳಲ್ಲ. ನೀರು ನಲ್ಲಿಯಲ್ಲಿ ಬರುತ್ತಿತ್ತು. ತರಕಾರಿ ಗಂಡನೇ ತರುತ್ತಿದ್ದನು. ಮಕ್ಕಳು ಶಾಲೆಗೆ ಆಟೋದಲ್ಲಿ ಹೋಗುತ್ತಿದ್ದರು. ಈ ಗಂಟು ಒಂದಿಲ್ಲದಿದ್ದರೆ ಅವಳಿಗೆ ಬೀದಿಯ ಕೆಲಸವೇ ಇರಲಿಲ್ಲ.

ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅವಳಿಗೂ ಮಿಷನ್ ಬೇಕಾಗಿತ್ತು. ಆದರೂ ಬೆಳಗಿನಿಂದ ಅವಳು ಹೂಂ ಅಂದಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

“ಆ ಅಂಗಡಿಗೆ ಹೋಗಿ ಬರೋದು ಅಷ್ಟು ಕಷ್ಟವಾ?” ಎಂದು ಮಾಸ್ಟ್ರು ಕೇಳಿದರು.

“ಕಷ್ಟ ಅಂದರೆ ಎಂಥ ಕಷ್ಟ ಮಾಸ್ಟ್ರೇ! ಹೊರಟರೆ ಸರಿಯಾಗಿ ಗೇಟು ಬಿದ್ದಿರುತ್ತೆ. ರೈಲು ಹೋಗೋ ತನಕ ನಿಂತಿರಬೇಕು. ಕಿಟಕಿಯಲ್ಲಿ ಕೂತ ಮಕ್ಕಳೆಲ್ಲ ಕೈ ಬೀಸ್ತಾವೆ. ಬೀಸಿದ ಮೇಲೆ ನಾನೂ ಬೀಸಬೇಕಲ್ಲ? ಅಂಗಡಿಗೆ ಹೋದರೆ ನನಗಿಂತ ಮುಂಚೆ ಬಂದವರ ಸಾಲು. ಅಲ್ಲಿ ಕೊಟ್ರವ್ವ ಅಂತ ಒಬ್ಬಳು ಬರ್ತಾಳೆ, ಲಂಗ ಹೊಲಿಯೋಳು. ತನ್ನ ಗಂಡ ಗೊರಕೆ ಹೊಡೆಯೋದನ್ನ ಅಣಕ ಮಾಡಿ ತೋರಿಸ್ತಾಳೆ. ಮೊನ್ನೆ ಅಂಗಡಿಯವನೂ ನಕ್ಕು ನಕ್ಕು, ತೋಳಿಗೆ ಹಾಕಬೇಕಾದ ಹೊಲಿಗೆ ಕುತ್ತಿಗೆಗೆ ಹಾಕಿಬಿಟ್ಟ. ಅದನ್ನ ಬಿಚ್ಚೋ ತನಕ ಮತ್ತೆ ಕೂರಬೇಕಾಯ್ತು. ಹೊತ್ತು ಹೋದದ್ದೇ ಗೊತ್ತಾಗಲ್ಲ. ಸಾಕಾಗಿ ಹೋಗಿದೆ.”

ಸಾಕಾಗಿದೆ ಎಂದವಳ ತುಟಿಯಂಚು ತುಸು ಮೇಲೆದ್ದಿತ್ತು. ಮಾಸ್ಟ್ರು ಅದನ್ನು ನೋಡಿದರು. ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ಗಾಣಿಗನಿದ್ದನು. ಅವನಿಗೆ ಒಂದು ಎತ್ತಿತ್ತು. ಎತ್ತೆಂದರೆ ಎಂಥದು? ಅದರ ಕೊಂಬಿನ ತುದಿಯಲ್ಲಿ ಕೂತ ಹದ್ದಿಗೆ ನೆಲದ ಕೋಳಿಮರಿ ಕಾಣದೆ, ಹದ್ದು ಉಪವಾಸ ಬೀಳುತ್ತಿತ್ತು. ಆ ಎತ್ತು ಸುತ್ತಿದ ಗಾಣದ ಎಣ್ಣೆಯಲ್ಲಿ ವಡೆ ಕರಿದರೆ, ನಾಲ್ಕು ಊರಾಚೆಯ ನೆಂಟರು ಕರೆಯದೆಯೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

“ಅದು ಎತ್ತಾ, ಆನೆಯಾ?” ಎಂದಳು ಸರ್ವಮಂಗಳ.

“ಆನೆ ಅದರ ಮುಂದೆ ಕರು. ಸುಮ್ಮನೆ ಕೇಳು.”

ಬೆಳಗಾದರೆ ಗಾಣಿಗನು ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುವನು. ಎತ್ತು ಸುತ್ತುವುದು. ಸುತ್ತಿದಲ್ಲೇ ಸುತ್ತುವುದು. ನಡುಮಧ್ಯಾಹ್ನ ಅದಕ್ಕೆ ಬಾಯಾರುವುದು. ಆಗ ಕಣ್ಣಿನ ಬಟ್ಟೆ ಬಿಚ್ಚಿ ಊರ ಕೆರೆಗೆ ಬಿಡುವನು. ಎತ್ತು ತಾನೇ ಹೋಗುವುದು, ತಾನೇ ಬರುವುದು. ಬರುವಷ್ಟರಲ್ಲಿ ಹೊತ್ತು ಇಳಿದಿರುವುದು.

ಗಾಣಿಗನು ಕೆಟ್ಟವನಲ್ಲ. ಎತ್ತು ಕಾಲೆಳೆಯುತ್ತ ಕೆರೆಯ ದಾರಿ ಹಿಡಿಯುವುದನ್ನು ನೋಡಿ ಅವನ ಕರುಳು ಚುರುಕ್ಕೆಂದಿತು. ಬೆಳಗಿನಿಂದ ನಡೆದದ್ದು ಸಾಲದೆ? ನೀರಿಗೂ ಇದು ನಡೆಯಬೇಕೆ? ಹೀಗೆ ಯೋಚಿಸಿ, ಗಾಣದ ಪಕ್ಕದಲ್ಲೇ, ಎತ್ತಿನ ಮೂತಿಗೆ ಎಟುಕುವಂತೆ ಒಂದು ಕಲ್ಲುಬಾನಿ ಇಡಿಸಿದನು. ಅದರ ತುಂಬ ತಣ್ಣೀರು ಹೊಯ್ದನು. ಎತ್ತು ನಿಂತಲ್ಲೇ ಕುಡಿಯಿತು. ಇನ್ನು ಕಣ್ಣಿನ ಬಟ್ಟೆ ಬಿಚ್ಚುವ ಕೆಲಸವೂ ಉಳಿಯಲಿಲ್ಲ.

ಊರೆಲ್ಲ ಗಾಣಿಗನನ್ನು ಹೊಗಳಿತು. ಎತ್ತಾಗಿ ಹುಟ್ಟಿದರೆ ಇವನ ಮನೆಯಲ್ಲಿ ಹುಟ್ಟಬೇಕು ಎಂದರು. ಎಣ್ಣೆ ಹೆಚ್ಚಿತು. ಗಡಿಗೆಗಳು ಸಾಲದೆ ಬತ್ತಿದ ಬಾವಿಗೆ ಸುರಿದಿಟ್ಟರು ಎಂದು ಮಾಸ್ಟ್ರು ಹೇಳಿದರು. ಸರ್ವಮಂಗಳ ಆ ಬಾವಿಯನ್ನು ಪ್ರಶ್ನಿಸಲಿಲ್ಲ. ಅವಳ ಕೈ ಗಂಟಿನ ಮೇಲೆ ಹಾಗೇ ಬಿದ್ದಿತ್ತು.

ಕೆಲವು ಕಾಲ ಎತ್ತು ಬಾನಿಯ ನೀರು ಕುಡಿಯಿತು. ಆಮೇಲೆ ಕುಡಿಯುವುದನ್ನು ಬಿಟ್ಟಿತು. ಬೆಳಿಗ್ಗೆ ತುಂಬಿದ ಬಾನಿ ಸಂಜೆಗೂ ತುಂಬಿಯೇ ಇರುತ್ತಿತ್ತು. ಗಾಣಿಗನು ಬೆಲ್ಲದ ನೀರು ಹೊಯ್ದನು. ಎತ್ತು ಮೂಸಲಿಲ್ಲ. ಮಜ್ಜಿಗೆ ಹೊಯ್ದನು. ಮುಖ ತಿರುಗಿಸಿತು. ಕೊನೆಗೊಂದು ದಿನ ಸುತ್ತಿನ ನಡುವೆಯೇ ಮಂಡಿಯೂರಿತು. ಬೈದರೂ ಏಳಲಿಲ್ಲ. ಮೈ ಸವರಿದರೂ ಏಳಲಿಲ್ಲ.

ಗಾಣಿಗನಿಗೆ ದಿಗಿಲಾಯಿತು. ಕೆರೆಯ ನೀರಿನ ರುಚಿ ಬೇಕೋ ಏನೋ ಎಂದು ಕಣ್ಣಿನ ಬಟ್ಟೆ ಬಿಚ್ಚಿದನು. ಎತ್ತು ಎದ್ದಿತು. ತಾನೇ ಅದರ ಹಗ್ಗ ಹಿಡಿದು ಕೆರೆಗೆ ಕರೆದೊಯ್ದನು. ಎತ್ತು ನೀರಿನ ಅಂಚಿಗೆ ಹೋಗಿ ನಿಂತಿತು. ಬಾಯಿ ಹಾಕಲಿಲ್ಲ. ಆಚೆ ದಡದಲ್ಲಿ ಬಟ್ಟೆ ಒಗೆಯುವವರಿದ್ದರು. ಕೊಕ್ಕರೆಗಳಿದ್ದವು. ಬೇರೆಯವರ ದನಗಳಿದ್ದವು. ಎತ್ತು ನೋಡುತ್ತ ನಿಂತಿತು.

ಅಲ್ಲಿ ಒಬ್ಬ ಕುರಿ ಕಾಯುವವನು ಕೂತಿದ್ದನು. ಗಾಣಿಗನು ಅವನನ್ನು ಕೇಳಿದನು: “ನೀರಿಗೆಂದು ಇಷ್ಟು ದೂರ ತಂದೆ. ಇದು ಕುಡಿಯುತ್ತಲೇ ಇಲ್ಲವಲ್ಲ. ಏನಪ್ಪ ಇದಕ್ಕೆ ರೋಗ?”

“ರೋಗ ಎಂಥದು? ಮೊದಲೂ ಹೀಗೇ. ಬರುವುದು, ಎರಡು ಗುಟುಕು ಕುಡಿಯುವುದು. ಮಿಕ್ಕ ಹೊತ್ತೆಲ್ಲ ಹೀಗೇ ನಿಂತಿರುವುದು,” ಎಂದನು ಕುರಿ ಕಾಯುವವನು.

ಮಾಸ್ಟ್ರು ಅಲ್ಲಿಗೆ ನಿಲ್ಲಿಸಿದರು. ಕೋಟಿನಿಂದ ಸೂಜಿ ಕಿತ್ತು ಮತ್ತೆ ಗುಂಡಿಗೆ ಕೈ ಹಾಕಿದರು.

“ಆಮೇಲೆ?” ಎಂದು ಸರ್ವಮಂಗಳ ಕೇಳಿದಳು.

“ಆಮೇಲೇನು? ಹೊತ್ತು ಮುಳುಗಿತು. ಇಬ್ಬರೂ ಮನೆಗೆ ಬಂದರು.”

“ಬಾನಿ?”

“ಬಾನಿ ಅಲ್ಲೇ ಇತ್ತು. ಕಲ್ಲಿನದಲ್ವಾ, ಎಲ್ಲಿಗೆ ಹೋಗುತ್ತೆ?”

ಸರ್ವಮಂಗಳಳಿಗೆ ರೇಗಿತು. ರೇಗುವಷ್ಟು ತ್ರಾಣವೂ ಇಲ್ಲದೆ ಆ ಸಿಟ್ಟು ಅರ್ಧಕ್ಕೇ ಸೋತು, ಅಳುವಿನ ಹಾಗೆ ಕೇಳಿಸಿತು.

“ನಾನು ಮಿಷನ್ ಕೇಳಿದರೆ ನೀವು ಎತ್ತಿನ ಕತೆ ಹೇಳ್ತೀರಿ. ಬೇಡ ಅನ್ನೋದಿದ್ದರೆ ಬಾಯಿ ಬಿಟ್ಟು ಬೇಡ ಅನ್ನಿ. ನಾನು ಈ ದಾರಿಯಲ್ಲಿ ಬರೋದು ನಿಂತರೆ ನಿಮ್ಮ ಸುಳ್ಳು ಕೇಳೋರು ಇರಲ್ಲ ಅಂತ ತಾನೇ ಇದೆಲ್ಲ?”

“ಅದೂ ಇದೆ,” ಎಂದು ಮಾಸ್ಟ್ರು ಒಪ್ಪಿಕೊಂಡರು.

“ತಮಾಷೆ ಬೇಡ ಮಾಸ್ಟ್ರೇ. ಮನೆಯಲ್ಲಿ ಕಾಯ್ತಾ ಇದ್ದಾರೆ. ನಾನು ಏನಂತ ಹೇಳಲಿ?”

ಮಾಸ್ಟ್ರು ದಾರವನ್ನು ಹಲ್ಲಿನಿಂದ ಕಡಿದರು. ಆಮೇಲೆ ಅವರು ಆಡಿದ್ದು ಒಂದೇ ಮಾತು.

“ತಗೋ ಅವ್ವಾ, ಮಿಷನ್ ಒಳ್ಳೇದೇ, ನಾಳಿದ್ದಿನಿಂದ ಏನು ನೆಪ ಹೇಳಿ ಮನೆಯಿಂದ ಹೊರಗೆ ಬರ್ತೀಯಾ, ಅದೊಂದನ್ನ ಮೊದಲು ಹುಡುಕಿಟ್ಟುಕೋ.”