ಮೂರು ಪಾಲು ತಿರುಗಿದ ಚೆಂದವ್ವ

ಮಕ್ಕಳೇ, ಕಾಡಿನಂಚಿನ ಪುಟ್ಟ ಕೊಳದಲ್ಲಿ ಚೆಂದವ್ವ ಎಂಬ ಬಾತುಕೋಳಿ ಇದ್ದಳು. ಒಳ್ಳೆಯವಳೇ, ಆದರೆ ಒಂದು ಕೆಟ್ಟ ಚಾಳಿ. ಏನೇ ಆಗಲಿ, "ಗೊತ್ತಿಲ್ಲ" ಎಂಬ ಮಾತು ಅವಳ ಕೊಕ್ಕಿನಿಂದ ಹೊರಡುತ್ತಿರಲಿಲ್ಲ.

ಆ ವರ್ಷ ಮಳೆ ಕೈಕೊಟ್ಟು ಕೊಳವೆಲ್ಲ ಕೆಸರಾಯಿತು. ಅವಳ ಆರು ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ನಡೆದೇ ಬೇರೆ ಕೆರೆ ಸೇರಬೇಕು, ಇಲ್ಲವಾದರೆ ಮರಿಗಳು ಉಳಿಯುವುದಿಲ್ಲ.

ದೂರದೇಶದ ಹೆಬ್ಬಾತು ಶಿಖರಣ್ಣ ಅಲ್ಲಿ ದಣಿವಾರಿಸಿಕೊಳ್ಳಲು ಇಳಿದಿದ್ದ. ಅವನೇ ದಾರಿ ಹೇಳಿದ.

"ಆಲದ ಮರದ ಬುಡದಲ್ಲಿ ಪೂರ್ವಕ್ಕೆ ಮುಖಮಾಡಿ ನಿಲ್ಲಮ್ಮ. ಬಲಕ್ಕೆ ಮೂರು ಪಾಲು ತಿರುಗು. ನೇರ ನಡೆದರೆ ಮಧ್ಯಾಹ್ನದೊಳಗೆ ತುಂಬಿದ ಕೆರೆ ಸಿಗುತ್ತೆ. ತಿಳೀತಾ?"

ಎಷ್ಟು ಪಾಲಿನಲ್ಲಿ ಮೂರು? ಚೆಂದವ್ವನಿಗೆ ಅನುಮಾನ ಬಂತು. ಆದರೆ ಕೊಳದ ಕಪ್ಪೆಗಳೆಲ್ಲ ನೋಡುತ್ತಿದ್ದವು. ಕೇಳಿದರೆ ನಕ್ಕುಬಿಟ್ಟರೆ?

"ಅಯ್ಯೋ, ಅಷ್ಟೂ ತಿಳಿಯಲ್ವಾ ನನಗೆ!" ಎಂದಳು. ನೋಡಿ ಇವಳ ಜಂಬ!

ಆ ಕೊಳದ ಬಾತುಗಳಿಗೆ ಎಂಟು ದಿಕ್ಕು, ಹಾಗಾಗಿ ಒಂದು ಸುತ್ತಿಗೆ ಎಂಟು ಪಾಲು. ಅದೇ ಲೆಕ್ಕದಲ್ಲಿ ಮೂರು ಪಾಲು ತಿರುಗಿ, ಮರಿಗಳನ್ನು ಕರೆದುಕೊಂಡು ಹೊರಟಳು.

ಮಧ್ಯಾಹ್ನವಾಯಿತು. ಕೆರೆಯೂ ಇಲ್ಲ, ಕುಂಟೆಯೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಕಾದ ಬಂಡೆ. ಮರಿಗಳ ಪಾದಗಳು ಸುಟ್ಟವು.

"ಅವ್ವಾ, ಇನ್ನೆಷ್ಟು ದೂರ?" ಎನ್ನುತ್ತಾ ಕೊನೆಯ ಮರಿ ಕುಸಿದು ಕೂತಿತು.

"ಇಲ್ಲೇ, ಹತ್ತಿರ" ಎಂದಳು ಚೆಂದವ್ವ. ಆ ಸುಳ್ಳು ಹೇಳುವಾಗ ಮರಿಯ ಮುಖ ನೋಡಲು ಅವಳಿಂದ ಆಗಲಿಲ್ಲ.

ಆ ಮರಿಯನ್ನು ಬೆನ್ನ ಮೇಲೆ ಹೊತ್ತು, ಸಂಜೆಗೆ ಕೊಳಕ್ಕೇ ವಾಪಸು ಬಂದಳು. ಕಪ್ಪೆಗಳು ನೋಡಿದವು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

"ಶಿಖರಣ್ಣ, ನನಗೆ ತಿಳಿದಿರಲಿಲ್ಲ. ಎಲ್ಲರೆದುರು ಕೇಳೋಕೆ ನಾಚಿಕೆಯಾಯ್ತು" ಎಂದು, ಇನ್ನೂ ಅಲ್ಲೇ ತಂಗಿದ್ದ ಹೆಬ್ಬಾತಿನೆದುರು ತಲೆ ತಗ್ಗಿಸಿದಳು.

"ನಮ್ಮಲ್ಲಿ ಒಂದು ಸುತ್ತಿಗೆ ಹನ್ನೆರಡು ಪಾಲು ಕಣಮ್ಮ, ವರ್ಷಕ್ಕೆ ತಿಂಗಳಿದ್ದ ಹಾಗೆ. ಹನ್ನೆರಡರಲ್ಲಿ ಮೂರು ಅಂದರೆ ಕಾಲು ಸುತ್ತು. ನಿಮ್ಮ ಎಂಟು ಪಾಲಿನಲ್ಲಿ ಕಾಲು ಸುತ್ತು ಅಂದರೆ ಎಷ್ಟು?"

"ಎರಡು... ಇಷ್ಟೇನಾ?"

"ಇಷ್ಟೇ."

ಆ ಇಷ್ಟಕ್ಕೇ ಮರಿಗಳ ಪಾದ ಸುಟ್ಟಿತ್ತು. ಚೆಂದವ್ವನಿಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಮರುದಿನ ಕೊನೆಯ ಮರಿಯನ್ನು ಬೆನ್ನ ಮೇಲೆ ಹೊತ್ತು, ಎರಡೇ ಪಾಲು ತಿರುಗಿ ನಡೆದಳು. ಮಧ್ಯಾಹ್ನದೊಳಗೆ ಕೆರೆ ಸಿಕ್ಕಿತು. ಐದು ಮರಿಗಳು ದುಡುದುಡು ನೀರಿಗಿಳಿದವು. ಕೊನೆಯದು ಮಾತ್ರ ಬೊಬ್ಬೆ ಎದ್ದ ಪಾದ ಎತ್ತಿಕೊಂಡು ದಡದಲ್ಲೇ ನಿಂತಿತು.

"ಅವ್ವಾ, ನೀರು ತಾಗಿದರೆ ಉರಿಯುತ್ತಾ?"

ಚೆಂದವ್ವ ಆ ಪಾದವನ್ನೇ ನೋಡಿದಳು. ಕಣ್ಣು ತುಂಬಿ ಬಂತು.

"ಗೊತ್ತಿಲ್ಲ ಕಂದಾ" ಎಂದಳು. "ಬಾ, ಇಬ್ಬರೂ ಒಟ್ಟಿಗೆ ಇಳಿದು ನೋಡೋಣ."

ನೀತಿ: ಕೇಳುವ ನಾಚಿಕೆ ಒಂದು ಗಳಿಗೆಯದು, ಕೇಳದೆ ಕೆಟ್ಟ ನಾಚಿಕೆ ಬಹುಕಾಲದ್ದು, ಇನ್ನೊಬ್ಬರ ಅಳತೆಯನ್ನು ನಮ್ಮ ಅಳತೆಗೆ ಬದಲಿಸಿಕೊಂಡ ಮೇಲೆಯೇ ಹೆಜ್ಜೆ ಇಡಬೇಕು.