ಹಲ್ಲಿ ಬಿದ್ದ ಫಲ

ಬಣ್ಣದ ಕಾರ್ಖಾನೆಯವರು ಥಿನ್ನರಿನ ಆವಿಯನ್ನು ಗಾಳಿಗೆ ಬಿಡದೆ ಹಿಡಿಯಬೇಕೆಂದು ಕಾನೂನು ಬಂತು. ಮಾಲೀಕ ಸಂಗಣ್ಣ ಆವಿ ಹಿಡಿಯುವ ದೊಡ್ಡ ಫಿಲ್ಟರ್ ಯಂತ್ರವೊಂದನ್ನು ತಂದು ನಿಲ್ಲಿಸಿದ. ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಸಿದ. ಸ್ವಿಚ್ ಮಾತ್ರ ಒತ್ತಲಿಲ್ಲ.

ಗೋಡೆಯ ಮೇಲಿನ ಹಲ್ಲಿ ಕೇಳಿತು: "ಸ್ವಾಮಿ, ಈ ವಾಸನೆಗೆ ನನ್ನ ತಲೆ ಸುತ್ತುತ್ತಿದೆ. ತಾವು ಕೆಲಸ ಶುರು ಮಾಡುವುದು ಯಾವಾಗ?"

"ಕೆಲಸವೇ?" ಎಂದಿತು ಫಿಲ್ಟರ್. "ನಾನು ಇಲ್ಲಿ ಇರಬೇಕೆಂದು ಕಾನೂನು. ಇದ್ದೇನಲ್ಲ! ಓಡಿದರೆ ಮೈಯೆಲ್ಲ ಜಿಡ್ಡಾಗುತ್ತದೆ."

ತಪಾಸಣೆಗೆ ಬಂದ ಅಧಿಕಾರಿ ಫಿಲ್ಟರಿನ ಮೇಲೆ ಬೆರಳಾಡಿಸಿ ನೋಡಿದರು. ಚೂರೂ ಜಿಡ್ಡಿಲ್ಲ. "ಯಂತ್ರ ಇಟ್ಟುಕೊಂಡರೆ ಹೀಗೆ ಇಟ್ಟುಕೊಳ್ಳಬೇಕು, ಸಂಗಣ್ಣನವರೇ!" ಎಂದು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ರುಜು ಹಾಕತೊಡಗಿದರು. ಅಷ್ಟರಲ್ಲಿ ಆವಿ ತಲೆಗೇರಿದ ಹಲ್ಲಿ ಹಿಡಿತ ತಪ್ಪಿ ಅವರ ಬೋಳುತಲೆಯ ಮೇಲೆ ಬಿದ್ದು ಸತ್ತಿತು.

"ಮೊದಲು ಪಂಚಾಂಗ ತನ್ನಿ!" ಎಂದು ಅಧಿಕಾರಿ ಕೂಗಿದರು.

ಸಂಗಣ್ಣ ಹಲ್ಲಿ ಬಿದ್ದ ಫಲದ ಪುಟ ತೆಗೆದು ಓದಿದ: "ನೆತ್ತಿಯ ಮೇಲಾದರೆ ಮರಣಭಯ, ಸಾರ್. ಬೆಳ್ಳಿ ಹಲ್ಲಿ ಮುಟ್ಟಿದರೆ ದೋಷ ಕಳೆಯುತ್ತದಂತೆ."

ವಾರದೊಳಗೆ ಫಿಲ್ಟರಿನ ಪಕ್ಕದ ಗೋಡೆಗೆ ಬೆಳ್ಳಿ ಹಲ್ಲಿಯೊಂದು ಬಂತು. ಈಗ ಯಾವ ಅಧಿಕಾರಿ ಬಂದರೂ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ರುಜು ಹಾಕುತ್ತಾರೆ. ಬೆಳ್ಳಿ ಹಲ್ಲಿಗೆ ಉಸಿರಾಡುವ ಕೆಲಸವಿಲ್ಲ. ಹಾಗಾಗಿ ಇವತ್ತಿನವರೆಗೂ ಬಿದ್ದಿಲ್ಲ.